ನಾಯಿಪಾಡೂ ನಾಯಿಯ ವೀರಗಲ್ಲೂ

ನಾಯಿಯಷ್ಟು ಮನುಷ್ಯನನ್ನು ನಂಬಿದ ಪ್ರಾಣಿ ಬೇರೊಂದಿಲ್ಲ. ನಮ್ಮ ಮಾತಿನಲ್ಲಿ ಅದರಷ್ಟು ಬೈಗುಳ ತಿಂದ ಪ್ರಾಣಿಯೂ ಇನ್ನೊಂದಿರಲಾರದು. ಬದುಕು ಕೆಟ್ಟರೆ ಅದು ‘ನಾಯಿಪಾಡು’. ಎಷ್ಟು ತಿದ್ದಿದರೂ ತಿದ್ದಿಕೊಳ್ಳದವನನ್ನು ಕಂಡರೆ ‘ನಾಯಿಬಾಲ ಡೊಂಕು’ ಎನ್ನುತ್ತೇವೆ. ತನಗೊಪ್ಪಿಸಿದ ಕೆಲಸವನ್ನು ಮತ್ತೊಬ್ಬನ ತಲೆಗೆ ಕಟ್ಟುವವನಿಗೂ ಗಾದೆಯುಂಟು: ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಬೇಡದ ಅಂಗಡಿಗಳು ಬೀದಿಗೆ ನಾಲ್ಕು ಹುಟ್ಟಿಕೊಂಡರೆ ಅವು ‘ನಾಯಿಕೊಡೆ’ಗಳು.

ಸಂಸ್ಕೃತದಿಂದ ಬಂದ ‘ಶ್ವಾನನಿದ್ರೆ’ಗೆ ಮಾತ್ರ ಬೇರೆ ಮರ್ಯಾದೆ. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳಲ್ಲಿ ಅದೂ ಒಂದೆಂದು ಹಿರಿಯರು ಎಣಿಸಿದ್ದಾರೆ.

ಹಾಗಾದರೆ ಕನ್ನಡಿಗರು ನಾಯಿಯನ್ನು ಕೀಳೆಂದೇ ಕಂಡರೆ? ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಬೇರೆಯೇ ಕಥೆ ಹೇಳುತ್ತದೆ. ಅದು ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಬೂತುಗನ ಬಂಟ ಮಣಲೇರನ ಶೌರ್ಯಕ್ಕೆ ಅರಸನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಎರಡು ಕಂಡುಗ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಶಿಲ್ಪವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸ್ವಾರಸ್ಯವೆಂದರೆ, ಅದೇ ಶಾಸನದ ಕೊನೆಯಲ್ಲಿ ಒಂದು ಎಚ್ಚರಿಕೆಯೂ ಇದೆ: ಪೂಜೆಯ ಹೊಣೆ ಹೊತ್ತ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದಂತೆ! ಕಾಳಿಯನ್ನು ಪೂಜಿಸಿದ ಕೈಯೇ ನಾಯಿಜನ್ಮವನ್ನು ಪಾಪದ ಪಟ್ಟಿಯಲ್ಲಿ ಬರೆಯಿತು.

ಇದು ವಿರೋಧದಂತೆ ಕಂಡರೂ ಅದಕ್ಕೊಂದು ಕಾರಣವಿದೆ. ಗಾದೆಯ ನಾಯಿ ಬೀದಿಯದು, ಯಾರದೂ ಅಲ್ಲ. ಆತಕೂರಿನ ನಾಯಿಗೆ ಒಡೆಯನಿದ್ದ, ಹೆಸರಿತ್ತು. ಹೆಸರಿಟ್ಟು ಕರೆದುದನ್ನು ಹಳಿಯುವುದು ಕಷ್ಟ. ಮನುಷ್ಯರ ಮಾತಿಗೂ ಇದೇ ನ್ಯಾಯ. ಒಬ್ಬನನ್ನು ‘ನಾಯಿ’ ಎಂದು ಜರೆಯುವವನು ಮೊದಲು ಅವನ ಹೆಸರನ್ನು ಕಸಿದಿರುತ್ತಾನೆ. ಬೈಗುಳದ ನಿಜವಾದ ಪೆಟ್ಟು ನಾಯಿಗಲ್ಲ, ಹೆಸರು ಕಳೆದುಕೊಂಡ ಆ ಮನುಷ್ಯನಿಗೆ.