ಕಡಲೆ ಹೊಲದ ಹುಳಿ

ಗದಗ ಸೀಮೆಯ ಕಳಸಾಪುರ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ಹಿಂಗಾರಿ ಕಡಲೆ ಹೂ ಬಿಡುವ ಹೊತ್ತಿಗೆ ಬೆಳಗಿನ ಜಾವ ಕಪ್ಪುಮಣ್ಣಿನ ಎರಿ ಹೊಲಕ್ಕೆ ಇಳಿದವರ ಕಾಲು ಉರಿಯುತ್ತದೆ. ಮೀನಖಂಡ ತುರಿಸುತ್ತದೆ, ಚರ್ಮದ ಚಪ್ಪಲಿ ಬಣ್ಣಗೆಡುತ್ತದೆ. ಕಡಲೆಯ ಎಲೆ, ದಂಟು, ಕಾಯಿಗಳ ಮೇಲೆಲ್ಲ ಸಣ್ಣ ರೋಮಗಳಿವೆ. ಅವುಗಳ ತುದಿಯಲ್ಲಿ ಒಸರುವ ಹುಳಿ ಇಬ್ಬನಿಯಲ್ಲಿ ಕರಗಿ ಮೈಗೆ ಹತ್ತುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ವಿನೆಗರ್ ಬಾಟಲಿ ಅಂಗಡಿಗೆ ಬರುವ ಎಷ್ಟೋ ಮೊದಲೇ ಕಡಲೆ ಬೆಳೆಯುವ ನಾಡಿನವರು ಈ ಹುಳಿಯನ್ನು ಹಿಡಿದು ಸೀಸೆಗೆ ತುಂಬಿ ಇಡುತ್ತಿದ್ದರು.

ಹಿಡಿಯುವುದಕ್ಕೆ ಬೇಕಾದದ್ದು ತೆಳುವಾದ ಬಿಳಿ ಬಟ್ಟೆ, ಹಳೆಯ ಧೋತರವಾದರೂ ಸಾಕು. ಚೆನ್ನಾಗಿ ಒಗೆದು ಒಣಗಿಸಿದ್ದನ್ನು ಸಂಜೆ ಗಿಡಗಳ ಮೇಲೆ ಹಾಸಬೇಕು. ರಾತ್ರಿಯೆಲ್ಲ ಇಬ್ಬನಿ ಬಿದ್ದು ಬಟ್ಟೆ ತೊಯ್ದಿರುತ್ತದೆ. ಬಿಸಿಲೇರುವ ಮೊದಲು ತೆಗೆದು ಹಿಂಡಿದರೆ ಹುಳಿ ಇಳಿಯುತ್ತದೆ. ಅದೇ ಬಟ್ಟೆಯನ್ನು ಹಿಂಡದೆ ಒಣಗಿಸಿ, ಮರುರಾತ್ರಿ ಮತ್ತೆ ಹಾಸಿದರೆ ಹುಳಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಜೀರ್ಣವಾದಾಗ, ಹೊಟ್ಟೆ ನೊಂದಾಗ ಕೆಲವೇ ಹನಿಗಳನ್ನು ನೀರಿಗೆ ಬಿಟ್ಟು ಕುಡಿಸುವುದು ಮನೆಮದ್ದು. 1889ರಿಂದ ಹೊರಬರತೊಡಗಿದ ಜಾರ್ಜ್ ವಾಟ್‌ನ ಭಾರತೀಯ ಆರ್ಥಿಕ ಉತ್ಪನ್ನಗಳ ಕೋಶದಲ್ಲೂ ಕಡಲೆ ಗಿಡದ ಈ ಹುಳಿಯ ಪ್ರಸ್ತಾಪವಿದೆ.

ಗಿಡದ ಹುಳಿ ಮನೆಗೆ ಬಂದಂತೆ ಮನೆಯ ವಸ್ತುಗಳೂ ಗಿಡಕ್ಕೆ ಹೋಗುತ್ತಿದ್ದವು. ಅಡುಗೆಮನೆಯ ವಸ್ತುಗಳಿಂದ ಗಿಡಕ್ಕೆ ಆರೈಕೆ ಮಾಡುವ ವಿದ್ಯೆ ಕನ್ನಡದಲ್ಲಿ ಬರಹಕ್ಕೆ ಬಂದು ಸಾವಿರ ವರ್ಷವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದ. ಅಂತರ್ಜಲ ಹುಡುಕುವುದು, ಅಡುಗೆ, ವೈದ್ಯಗಳ ಜತೆಗೆ ವೃಕ್ಷಾಯುರ್ವೇದಕ್ಕೂ ಅದರಲ್ಲಿ ಒಂದು ಅಧ್ಯಾಯವಿದೆ. ವೃಕ್ಷಾಯುರ್ವೇದದ ಪರಂಪರೆಯಲ್ಲಿ ಹಾಲು, ತುಪ್ಪ, ಸಗಣಿ, ಸಾಸಿವೆ, ವಾಯುವಿಳಂಗ ಇವೇ ಗಿಡದ ಔಷಧ. ಗಿಡಕ್ಕೆ ಹಾಲೇಕೆ ಎಂದು ನಗುವವರು ಒಂದು ಸಂಗತಿ ಗಮನಿಸಬೇಕು: 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್, ನೀರು ಬೆರೆಸಿದ ಹಾಲನ್ನು ಕುಂಬಳ ಜಾತಿಯ ಗಿಡಗಳಿಗೆ ಸಿಂಪಡಿಸಿದರೆ ಬೂದಿ ರೋಗ ತಗ್ಗುತ್ತದೆ ಎಂದು ಪ್ರಯೋಗದಿಂದ ತೋರಿಸಿದರು.

ಹಳ್ಳಿಯ ಹೆಣ್ಣುಮಕ್ಕಳು ಗ್ರಂಥ ಓದಿ ಇದನ್ನೆಲ್ಲ ಕಲಿತವರಲ್ಲ. ಬೀಜದ ಕಾಳಿಗೆ ಒಲೆಯ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಇಡುವುದು, ತೊಗರಿಗೆ ಕೆಮ್ಮಣ್ಣು ಸವರಿ ಒಣಗಿಸುವುದು, ಬೇಳೆಕಾಳಿಗೆ ಔಡಲೆಣ್ಣೆ ಸವರುವುದು ಅವರಿಗೆ ಸುಗ್ಗಿಯ ಕೆಲಸದಲ್ಲೇ ಸೇರಿದ್ದವು. ಎಣ್ಣೆಯ ಪದರ ನುಸಿಯ ತತ್ತಿಗೆ ಗಾಳಿ ಆಡದಂತೆ ಮಾಡುತ್ತದೆ. ಹಿತ್ತಿಲ ಮೆಣಸಿನ ಗಿಡದ ಎಲೆ ಮುದುಡಿದರೆ ಹುಳಿ ಮಜ್ಜಿಗೆ ಚಿಮುಕಿಸುತ್ತಿದ್ದರು.

ಆಮೇಲೆ ಹೊಲಕ್ಕೆ ಔಷಧ ಸಿಂಪಡಿಸುವ ಪಂಪು ಬಂತು. ಜಯಧರದಂಥ ದೇಸಿ ಹತ್ತಿ ಬೆಳೆಯುತ್ತಿದ್ದ ಸೀಮೆಗೆ ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ 1972ರಲ್ಲಿ ಬಂದಿತು. ಇಳುವರಿ ಏರಿತು, ಹುಳವೂ ಏರಿತು, ಅದರ ಬೆನ್ನಿಗೇ ‘ಎಣ್ಣಿ ಹೊಡೆಯುವುದು’, ಅಂದರೆ ಕೀಟನಾಶಕ ಸಿಂಪಡಿಸುವುದು, ಒಕ್ಕಲುತನದ ಖರ್ಚಿನಲ್ಲಿ ಕಾಯಂ ಬಾಬ್ತಾಯಿತು. 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಕಾಯಿಕೊರಕ ಹುಳ ಪೈರೆಥ್ರಾಯ್ಡ್ ಔಷಧಕ್ಕೂ ಜಗ್ಗದೆ ಬೆಳೆ ಹಾಳುಮಾಡಿತು. ಕಡಲೆಯನ್ನು ಕಾಡುವುದೂ ಇದೇ ಹುಳ.

ಇದೇ ಹುಳಕ್ಕೆ ಕಡಲೆ ಗಿಡದ ಉತ್ತರ ಏನು ಎಂಬುದನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಪರೀಕ್ಷಿಸಿತು. ಗಿಡ ಒಸರುವ ಆಕ್ಸಾಲಿಕ್ ಆಮ್ಲ ಮರಿಹುಳಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು 1995ರಲ್ಲಿ ಅಲ್ಲಿನ ಸಂಶೋಧಕರು ವರದಿ ಮಾಡಿದರು. ಅಜ್ಜಿಯರು ಸೀಸೆಯಲ್ಲಿ ಕಾಪಿಟ್ಟ ಹುಳಿ ಗಿಡಕ್ಕೆ ಕವಚವೂ ಹೌದು.

ಮನೆಯ ವಸ್ತುಗಳ ಆರೈಕೆ ಆಮೇಲೆ ಮತ್ತೆ ಮುನ್ನೆಲೆಗೆ ಬಂತು. 2004ರಲ್ಲಿ ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿ ಪ್ರಕಟಿಸಿತು. ಅದೇ ದಶಕದಲ್ಲಿ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಜೀವಾಮೃತ ಹಳ್ಳಿಹಳ್ಳಿಗೆ ಹಬ್ಬಿತು: 200 ಲೀಟರ್ ನೀರಿಗೆ 10 ಕಿಲೊ ಸಗಣಿ, ಗೋಮೂತ್ರ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಗದಗ ಸೀಮೆಯಲ್ಲಿ ಆ ಹಿಟ್ಟಿಗೆ ಕಡಲೆಗಿಂತ ಹತ್ತಿರದ ಕಾಳು ಯಾವುದಿದೆ?

ಈಗ ಕೈತೋಟದವರ ನಡುವೆ ಹೊಸ ಸಲಹೆಯೊಂದು ಓಡಾಡುತ್ತಿದೆ: ಕಳೆಗೆ ವಿನೆಗರ್ ಹೊಡೆಯಿರಿ, ಉಪ್ಪು ಬೆರೆಸಿದರೆ ಇನ್ನೂ ಒಳ್ಳೆಯದು. ಅಡುಗೆಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಶೇಕಡಾ 5ರ ಆಸುಪಾಸು ಇರುತ್ತದೆ. ಅದು ಎಳೆಯ ಕಳೆಯ ಎಲೆ ಸುಡುತ್ತದೆ, ಕರಿಕೆಯಂಥ ಕಳೆಯ ಬೇರನ್ನು ಮುಟ್ಟುವುದಿಲ್ಲ. ಸುಣ್ಣಕಲ್ಲು ತುಂಬಿದ ಎರಿ ಮಣ್ಣಿಗೆ ಬಿದ್ದ ಹುಳಿ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಉಪ್ಪಂತೂ ಬೇಡವೇ ಬೇಡ. ನೀರು ಬಸಿಯದ ಎರಿ ನೆಲದಲ್ಲಿ ಉಪ್ಪು ನಿಂತು ಮಣ್ಣು ಕೆಡುತ್ತದೆ. ಬೂದಿಯನ್ನೂ ಈ ನೆಲಕ್ಕೆ ಸುರಿಯುವ ಬದಲು ಕಾಳಿನ ಡಬ್ಬಿಗೆ ಬಳಸುವುದು ಮೇಲು, ಏಕೆಂದರೆ ಎರಿ ಮೊದಲೇ ಕ್ಷಾರದ ಮಣ್ಣು. ಬೇರೆ ದೇಶದ ಹುಳಿಮಣ್ಣಿನಲ್ಲಿ ಹುಟ್ಟಿದ ಸಲಹೆಯನ್ನು ನಮ್ಮ ನೆಲ ಎರಿಯೋ ಕೆಂಪು ಮಸಾರಿಯೋ ನೋಡದೆ ಒಪ್ಪಿಕೊಳ್ಳುವುದು ತಪ್ಪು.

ಕಡಲೆ ಹುಳಿ ಹಿಡಿಯುವವರು ಈಗ ಕಡಿಮೆ. ಎಣ್ಣಿ ಹೊಡೆದ ಹೊಲದಲ್ಲಿ ಬಟ್ಟೆ ಹಾಸಿದರೆ ಇಬ್ಬನಿಯ ಜತೆ ವಿಷವೂ ಸೀಸೆಗೆ ಇಳಿಯುತ್ತದೆ, ಅಂಥ ಹುಳಿಯನ್ನು ಯಾರೂ ಬಾಯಿಗೆ ಹಾಕಬಾರದು. ಈ ಹಿಂಗಾರಿಗೆ ಕಡಲೆ ಬಿತ್ತುವ ರೈತರು ಗಾಳಿಗೆ ಔಷಧ ಹಾರಿಬರದ ಒಂದು ಮೂಲೆಯನ್ನು ಸಿಂಪಡಣೆಯಿಂದ ಹೊರಗಿಡಲಿ, ಹುಳಿ ಹಿಡಿದು ಗೊತ್ತಿರುವ ಹಿರಿಯರಿಂದ ಅದನ್ನು ಮನೆಯ ಮಕ್ಕಳಿಗೆ ಕಲಿಸಲಿ.