ಗಿಟಾರ್ ಹಿಡಿದ ರೋಮಾ ಇರಾಮಾ

ಗಿಟಾರ್ ಎಂದೊಡನೆ ನಿಮಗೆ ಪಾಶ್ಚಾತ್ಯ ಸಂಗೀತವೇ ನೆನಪಾಗಬಹುದು. ಆದರೆ ಇಂಡೋನೇಷ್ಯಾಕ್ಕೆ ಅದರ ಬಂಧುಗಳಾದ ಪುಟ್ಟ ತಂತಿವಾದ್ಯಗಳು ಪೋರ್ಚುಗೀಸರ ಕಾಲದಲ್ಲೇ ಬಂದು, ಕ್ರೊಂಚೊಂಗ್ ಎಂಬ ಜನಪ್ರಿಯ ಗಾಯನವಾಗಿ ಬೇರೂರಿದ್ದವು.

1970ರಲ್ಲಿ ಸೊನೆಟಾ ತಂಡ ಕಟ್ಟಿದ ರೋಮಾ ಇರಾಮಾ ಮಲಯ ವಾದ್ಯಗೋಷ್ಠಿಯ ನಡುವೆ ಎಲೆಕ್ಟ್ರಿಕ್ ಗಿಟಾರನ್ನು ಮೊಳಗಿಸಿದರು. ನಮ್ಮ ತಬಲಾವನ್ನು ಹೋಲುವ ಡೋಲಿನ ‘ದಂಗ್-ದುತ್’ ನಾದ, ಹಿಂದಿ ಚಿತ್ರಗೀತೆಗಳ ಧಾಟಿ, ಡೀಪ್ ಪರ್ಪಲ್ ತಂಡದ ಅಬ್ಬರ, ಎಲ್ಲವೂ ಸೇರಿ ದಂಗ್ದುತ್ ಆಯಿತು. (ಹಳೆಯ ಹಿಂದಿ ಹಾಡು ಕೇಳಿದವರಿಗೆ ಇದು ಅಪರಿಚಿತವೆನಿಸದು!) ಅದರಲ್ಲಿ ಅವರು ಧರ್ಮಬೋಧೆಯನ್ನೂ ಹಾಡಿದರು, ಬಡವ-ಬಲ್ಲಿದರ ಅಂತರವನ್ನೂ ಹಾಡಿದರು.

1977ರ ಚುನಾವಣೆಯಲ್ಲಿ ಅವರು ಇಸ್ಲಾಮೀ ಪಕ್ಷ ಪಿಪಿಪಿಯ ಪರ ನಿಂತರು. ಸುಹಾರ್ತೋ ಸರಕಾರದ ದೂರದರ್ಶನ ಅವರಿಗೆ ಬಾಗಿಲು ಮುಚ್ಚಿತು. ಆದರೆ ಕ್ಯಾಸೆಟ್ಟಿಗೆ, ಸಿನಿಮಾ ಮಂದಿರಕ್ಕೆ ಬೀಗ ಹಾಕುವವರಾರು? ಅದೇ ವರ್ಷ ತೆರೆಕಂಡ ಅವರ ಚಿತ್ರವೊಂದರ ಹೆಸರಿನಲ್ಲೇ ‘ಹಳೆಯ ಗಿಟಾರ್’ ಇತ್ತು. 1988ರಲ್ಲಿ ದೂರದರ್ಶನವೇ ಅವರನ್ನು ಮರಳಿ ಕರೆಯಿತು.