ಒಮ್ಮೆ ಸೀಜರ್ ಆದಮೇಲೆ: ಸೊಲ್ಲಾಪುರ–ಅಕ್ಕಲಕೋಟ ಗಡಿನಾಡಿನಲ್ಲಿ ಎರಡನೇ ಹೆರಿಗೆಯ ತೀರ್ಮಾನ

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕನ್ನಡ ಮನೆಗಳಲ್ಲಿ ಗಾದೆಯ ಹಾಗೆ ಓಡಾಡುವ ಒಂದು ಮಾತಿದೆ. "ಒಂದ್ ಸೀಜರ್ ಆತಂದ್ರ ಮುಂದಿಂದೂ ಸೀಜರೇ." ಇದನ್ನು ಅತ್ತೆ ಹೇಳ್ತಾರೆ, ನೆರೆಮನೆಯವರು ಹೇಳ್ತಾರೆ, ದವಾಖಾನೆಯ ಬಾಕಿನ ಮೇಲೆ ಕೂತ ಬಸುರಿಯರು ತಮ್ಮ ತಮ್ಮೊಳಗೆ ಹೇಳಿಕೊಳ್ತಾರೆ. ಹಗಲಾದ ಮೇಲೆ ರಾತ್ರಿ ಅನ್ನೋವಷ್ಟು ಸಹಜವಾಗಿ ಈ ಮಾತು ಬರುತ್ತೆ. ಆದರೆ ಅದು ನಿಸರ್ಗದ ನಿಯಮ ಅಲ್ಲ. ಅದಕ್ಕೆ ಹುಟ್ಟಿದ ವರ್ಷ ಇದೆ, ಹುಟ್ಟಿದ ಊರಿದೆ, ಬದಲಾದ ಅರ್ಥ ಇದೆ. ಆ ಮಾತು ನಮ್ಮ ಗಡಿನಾಡಿಗೆ ಬಂದು ಯಾಕೆ ಇಷ್ಟು ಗಟ್ಟಿಯಾಗಿ ನಿಂತಿತು ಅನ್ನೋದು ನನ್ನ ಪ್ರಶ್ನೆ. ನಾನು ಚರಿತ್ರೆಯ ವಿದ್ಯಾರ್ಥಿ. ಯಾವ ಹೆರಿಗೆ ಒಳ್ಳೇದು ಅಂತ ಹೇಳೋದು ನನ್ನ ಕೆಲಸ ಅಲ್ಲ. ಅದನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ತೀರ್ಮಾನಿಸ್ತಾರೆ ಅನ್ನೋದನ್ನಷ್ಟೇ ನೋಡೋಣ.

1. ಪ್ರದೇಶ

ಅಕ್ಕಲಕೋಟ 1948ರ ತನಕ ಸಂಸ್ಥಾನ. ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರ ಮುಂಬಯಿ ಪ್ರಾಂತದ ಜಿಲ್ಲಾ ಕೇಂದ್ರ, ಗಿರಣಿಗಳ ಊರು. ಹೆಣ್ಣುಮಕ್ಕಳ ಆರೋಗ್ಯದ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ. 1885ರಲ್ಲಿ ಶುರುವಾದ ಡಫರಿನ್ ನಿಧಿಯ ಗುರುತು ಸೊಲ್ಲಾಪುರದ ಡಫರಿನ್ ಚೌಕಿನ ಹೆಸರಿನಲ್ಲಿ ಇವತ್ತಿಗೂ ಉಳಿದಿದೆ. 1929ರ ಮುಂಬಯಿ ಹೆರಿಗೆ ಭತ್ಯೆ ಕಾಯಿದೆ ಪ್ರಾಂತದ ಕಾರ್ಖಾನೆಯ ಹೆಂಗಸರಿಗೆ ಅನ್ವಯಿಸಿತು. ಸಂಸ್ಥಾನದ ಹಳ್ಳಿಯಲ್ಲಿ ಹೊಲಗೆಲಸ ಮಾಡುವವಳಿಗೆ ಅದು ಸಂಬಂಧವೇ ಇಲ್ಲದ ಕಾನೂನು. ಅಲ್ಲಿ ಹೆರಿಗೆ ಅಂದರೆ ಮನೆ, ಸೂಲಗಿತ್ತಿ, ಹೊರಸು, ಹೊರಸಿನ ಕೆಳಗಿನ ಕೆಂಡ.

1960ರಲ್ಲಿ ಎರಡೂ ಹೊಸ ಮಹಾರಾಷ್ಟ್ರದ ಭಾಗವಾದವು. 1963ರಲ್ಲಿ ಸೊಲ್ಲಾಪುರದಲ್ಲಿ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜು ಶುರುವಾಯಿತು. ಅದರ ಜೊತೆಗಿನ ಸಿವಿಲ್ ಆಸ್ಪತ್ರೆ ಸುತ್ತಲ ತಾಲೂಕುಗಳ ಕಷ್ಟದ ಹೆರಿಗೆಗಳು ಬಂದು ಸೇರುವ ಜಾಗವಾಯಿತು. 1967ರ ಮಹಾಜನ ಆಯೋಗ ಅಕ್ಕಲಕೋಟ ಭಾಗವನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. ಗಡಿ ಎಲ್ಲಿದೆಯೋ ಅಲ್ಲೇ ಉಳಿಯಿತು. ಹೆಣ್ಣು ಕೊಟ್ಟು ತರುವ ಸಂಬಂಧ ಮಾತ್ರ ಆಳಂದ, ಅಫಜಲಪುರ, ಇಂಡಿ ಕಡೆಗೆ ಮೊದಲಿನಂತೆಯೇ ನಡೆದಿದೆ. ನನ್ನ ವಾದಕ್ಕೆ ಈ ಸಂಗತಿ ಮುಖ್ಯ, ಮುಂದೆ ಮತ್ತೆ ಬರುತ್ತೆ.

2. ಒಂದು ವಾಕ್ಯದ ಚರಿತ್ರೆ

"ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್" ಎಂಬ ಸೂತ್ರವನ್ನು ಹೇಳಿದವರು ನ್ಯೂಯಾರ್ಕಿನ ಪ್ರಸೂತಿ ವೈದ್ಯ ಎಡ್ವಿನ್ ಕ್ರಾಗಿನ್, 1916ರಲ್ಲಿ. ಅವರು ಯಾಕೆ ಹೇಳಿದರು ಅನ್ನೋದು ಮರೆತುಹೋಗಿದೆ. ಎರಡನೇ ಸಿಸೇರಿಯನ್ ಮಾಡಿ ಅಂತ ಒತ್ತಾಯಿಸೋದು ಅವರ ಉದ್ದೇಶ ಆಗಿರಲಿಲ್ಲ. ಮೊದಲನೇದನ್ನೇ ಸುಲಭವಾಗಿ ಮಾಡಬೇಡಿ, ಅದರ ಭಾರ ಮುಂದಿನ ಹೆರಿಗೆಗಳ ಮೇಲೂ ಬೀಳುತ್ತೆ ಅಂತ ಸಹೋದ್ಯೋಗಿಗಳಿಗೆ ಕೊಟ್ಟ ಎಚ್ಚರಿಕೆ ಅದು. ಇದಕ್ಕೆ ಅಪವಾದಗಳಿವೆ ಅಂತ ಅವರೇ ಒಪ್ಪಿಕೊಂಡಿದ್ದರು.

ಆ ಕಾಲದಲ್ಲಿ ಗರ್ಭಕೋಶವನ್ನು ಮೇಲಿನ ದಪ್ಪ ಭಾಗದಲ್ಲಿ ಉದ್ದಕ್ಕೆ ಕೊಯ್ಯುತ್ತಿದ್ದರು. ಮುಂದಿನ ಬಸಿರಿನಲ್ಲಿ ಬೇನೆ ಬಂದಾಗ ಆ ಗಾಯದ ಗುರುತು ಬಿರಿಯುವ ಅಪಾಯ ದೊಡ್ಡದು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಇವತ್ತು ಹೆಚ್ಚುಕಡಿಮೆ ಎಲ್ಲ ಕಡೆ ನಡೆಯೋದು ಇದೇ. ಇಂಥ ಒಂದು ಅಡ್ಡ ಕೊಯ್ತ ಇದ್ದವರು ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದಾಗ ಗರ್ಭಕೋಶ ಬಿರಿಯುವ ಸಂಭವ ಸುಮಾರು 200ಕ್ಕೆ 1. ಆಯ್ದು ಪ್ರಯತ್ನಿಸಿದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಸಹಜ ಹೆರಿಗೆ ಆಗುತ್ತೆ. ಅಂದರೆ ಕ್ರಾಗಿನ್ ಮಾತಿನ ವೈದ್ಯಕೀಯ ಆಧಾರವೇ ಬದಲಾಯಿತು, ಮಾತು ಮಾತ್ರ ಬದಲಾಗಲಿಲ್ಲ.

ಇದು ನೇರವಾಗಿ ಮುಂದೆ ಸಾಗಿದ ಕಥೆಯೂ ಅಲ್ಲ. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸಿಸೇರಿಯನ್ ನಂತರದ ಸಹಜ ಹೆರಿಗೆಯನ್ನು ಒಪ್ಪಬಹುದು ಅಂದಿತು. 1996ರ ಹೊತ್ತಿಗೆ ಅಲ್ಲಿ ಹಿಂದೆ ಸಿಸೇರಿಯನ್ ಆದವರಲ್ಲಿ ಶೇ. 28ರಷ್ಟು ಜನ ಸಹಜವಾಗಿ ಹೆತ್ತರು. ಆಮೇಲೆ ಗರ್ಭಕೋಶ ಬಿರಿದ ಪ್ರಕರಣಗಳು, ಬೇನೆ ಬರಿಸುವ ಔಷಧಿಯ ಅಪಾಯ, ಕೋರ್ಟ್ ದಾವೆಗಳು ಬಂದವು. ತುರ್ತು ಶಸ್ತ್ರಚಿಕಿತ್ಸೆಗೆ ವೈದ್ಯರು ಆ ಕ್ಷಣಕ್ಕೇ ಸಿಗಬೇಕು ಅನ್ನುವ 1999ರ ನಿಯಮವೂ ಬಂತು. ಹತ್ತು ವರ್ಷದೊಳಗೆ ಆ ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿಯಿತು. ಆ ಹತ್ತು ವರ್ಷದಲ್ಲಿ ಹೆಂಗಸರ ಮೈ ಏನೂ ಬದಲಾಗಿರಲಿಲ್ಲ. ಬದಲಾದದ್ದು ಅಪಾಯದ ಲೆಕ್ಕ ಮತ್ತು ಆಸ್ಪತ್ರೆಯ ವ್ಯವಸ್ಥೆ.

3. ಮನೆಯಿಂದ ದವಾಖಾನೆಗೆ

ನಮ್ಮಲ್ಲಿ ಇದೆಲ್ಲ ತಡವಾಗಿ ಮತ್ತು ಬಹಳ ಬೇಗ, ಎರಡೂ ಆಗಿ ನಡೆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ದೇಶದ ಶೇ. 38.7 ಹೆರಿಗೆಗಳಷ್ಟೇ ಆಸ್ಪತ್ರೆಯಲ್ಲಿ ಆಗಿದ್ದವು. 2019–21ರಲ್ಲಿ ಅದು ಶೇ. 88.6. ನಡುವೆ 2005ರ ಜನನಿ ಸುರಕ್ಷಾ ಯೋಜನೆ ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಸೀಜರ್ ಕೂಡ ಉಚಿತವಾಯಿತು.

ಸೀಜರ್ ಪ್ರಮಾಣವೂ ಜೊತೆಗೇ ಏರಿತು. ದೇಶದಲ್ಲಿ 2015–16ರಲ್ಲಿ ಶೇ. 17.2, 2019–21ರಲ್ಲಿ ಶೇ. 21.5. ಅದೇ ಅವಧಿಯಲ್ಲಿ ಮಹಾರಾಷ್ಟ್ರದಲ್ಲಿ ಶೇ. 20.1ರಿಂದ 25.4ಕ್ಕೆ, ಕರ್ನಾಟಕದಲ್ಲಿ ಶೇ. 23.6ರಿಂದ 31.5ಕ್ಕೆ. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಇದ್ದರೆ ಖಾಸಗಿಯಲ್ಲಿ ಶೇ. 47.4. ಈ ಕೊನೆಯ ಎರಡು ಅಂಕಿಗಳನ್ನು ನೋಡಿ "ದುಡ್ಡಿಗೋಸ್ಕರ ಕೊಯ್ತಾರೆ" ಅಂತ ಹೇಳಿ ಮುಗಿಸೋದು ಸುಲಭ. ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ಆದರೆ ಈ ಏರಿಕೆಯ ಒಂದು ಭಾಗ ಜೀವ ಉಳಿಸಿದ ಸೀಜರ್‌ಗಳು ಅನ್ನೋದನ್ನು ನಾವು ಮರೆಯಬಾರದು. ಮಗು ಅಡ್ಡ ಬಂದಾಗ ಸೂಲಗಿತ್ತಿಯ ಕೈಮೀರಿದ ಹೆರಿಗೆಯಲ್ಲಿ ಏನಾಗುತ್ತಿತ್ತು ಅನ್ನೋದು ನಮ್ಮ ಅಜ್ಜಿಯರ ತಲೆಮಾರಿಗೆ ಚೆನ್ನಾಗಿ ಗೊತ್ತು. "ಹೆಂಗರ ಆಗ್ಲಿ, ತಾಯಿ ಕೂಸು ಬ್ಯಾರೆ ಬ್ಯಾರೆ ಆಗ್ಲಿ" ಅನ್ನುವ ಹಾರೈಕೆ ಆ ಭಯದಿಂದ ಬಂದದ್ದು.

ಇನ್ನೊಂದು ಸಂಗತಿ ಲೆಕ್ಕದಲ್ಲೇ ಅಡಗಿದೆ. ಇವತ್ತಿನ ಮೊದಲ ಸೀಜರ್ ನಾಳಿನ ಎರಡನೇ ಸೀಜರ್ ಆಗುತ್ತೆ. ಮೊದಲ ಹೆರಿಗೆಯ ಸೀಜರ್ ಪ್ರಮಾಣ ಏರಿದ ಮೂರ್ನಾಲ್ಕು ವರ್ಷಕ್ಕೆ, ಬೇರೆ ಏನೂ ಬದಲಾಗದಿದ್ದರೂ, ಒಟ್ಟು ಪ್ರಮಾಣ ಮತ್ತೆ ಏರುತ್ತೆ. ಕ್ರಾಗಿನ್ ಎಚ್ಚರಿಸಿದ್ದು ಇದನ್ನೇ.

4. ತವರುಮನೆ, ಗಡಿ, ಕಾಗದ

ಈಗ ನಮ್ಮ ಪ್ರದೇಶದ ವಿಶೇಷಕ್ಕೆ ಬರ್ತೀನಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೋ ಒಂಬತ್ತಕ್ಕೋ ಕುಬುಸ ಮಾಡಿ ಮಗಳನ್ನು ಕರ್ಕೊಂಡು ಹೋಗ್ತಾರೆ. ಎರಡನೇದು ಬಹಳ ಸಲ ಗಂಡನ ಮನೆಯಲ್ಲೇ ಆಗುತ್ತೆ. ಹೀಗಾಗಿ ಅಕ್ಕಲಕೋಟಕ್ಕೆ ಬಂದ ಅಫಜಲಪುರದ ಮಗಳ ಮೊದಲ ಹೆರಿಗೆ ಕರ್ನಾಟಕದಲ್ಲಿ, ಎರಡನೇದು ಮಹಾರಾಷ್ಟ್ರದಲ್ಲಿ. ಕರ್ನಾಟಕದ ತಾಯಿ ಕಾರ್ಡ್ ಕನ್ನಡದಲ್ಲಿ, ಮಹಾರಾಷ್ಟ್ರದ ಕಾರ್ಡ್ ಮರಾಠಿಯಲ್ಲಿ, ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ. ಆ ಚೀಟಿ ತವರಿನ ಟ್ರಂಕಿನಲ್ಲೋ ಅಣ್ಣನ ಬೀರುವಿನಲ್ಲೋ ಉಳಿದುಬಿಡುತ್ತೆ.

ಆ ಚೀಟಿಯಲ್ಲಿ ಏನಿರುತ್ತೆ? ಗರ್ಭಕೋಶವನ್ನು ಅಡ್ಡಕ್ಕೆ ಕೊಯ್ದರೋ ಉದ್ದಕ್ಕೋ, ಯಾಕೆ ಸೀಜರ್ ಮಾಡಿದರು, ಯಾವ ತಾರೀಖು. ಎರಡನೇ ಹೆರಿಗೆಯ ತೀರ್ಮಾನಕ್ಕೆ ಮುಖ್ಯವಾಗಿ ಬೇಕಾದದ್ದು ಇವೇ. ಮಗು ಅಡ್ಡ ಇತ್ತು ಅನ್ನುವ ಕಾರಣ ಮುಂದಿನ ಸಲ ಇಲ್ಲದೇ ಇರಬಹುದು. ಎರಡು ಹೆರಿಗೆಯ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರ ಇದ್ದರೆ ಅಪಾಯ ಹೆಚ್ಚು. ಹೊಟ್ಟೆಯ ಮೇಲಿನ ಗುರುತು ನೋಡಿ ಒಳಗಿನದ್ದು ಹೇಳೋಕಾಗಲ್ಲ. ಚರ್ಮದ ಮೇಲೆ ಅಡ್ಡಗೆರೆ ಇದ್ದರೂ ಗರ್ಭಕೋಶದ ಕೊಯ್ತ ಉದ್ದಕ್ಕೆ ಇರಬಹುದು. ಕಾಗದ ಇಲ್ಲದ ತಾಯಿ ಬಂದಾಗ, ಅದೂ ಬೇನೆ ಶುರುವಾದ ಮೇಲೆ ಬಂದಾಗ, ವೈದ್ಯರು ಹೆಚ್ಚು ಸುರಕ್ಷಿತ ಅನ್ನಿಸಿದ್ದನ್ನೇ ಮಾಡ್ತಾರೆ. ಅವರನ್ನು ದೂರೋದು ಕಷ್ಟ.

ಜೊತೆಗೆ ದೂರದ ಪ್ರಶ್ನೆ. ಹಿಂದೆ ಸೀಜರ್ ಆದವರ ಸಹಜ ಹೆರಿಗೆಗೆ ಆಪರೇಷನ್ ಕೋಣೆ, ಅರಿವಳಿಕೆ ವೈದ್ಯರು, ರಕ್ತ, ಎಲ್ಲ ಹತ್ತಿರ ಇರಬೇಕು. ಹಳ್ಳಿಯವಳಿಗೆ ಇದರ ಅರ್ಥ ಬೇನೆ ಬರುವ ಮುಂಚೆಯೇ ಸೊಲ್ಲಾಪುರದಂಥ ಊರಲ್ಲಿ ಬಂದು ಇರೋದು. ಮನೆಯಲ್ಲಿ ಮೊದಲ ಕೂಸನ್ನು ಯಾರು ನೋಡಬೇಕು? ಗಂಡನ ಕೂಲಿ ಎಷ್ಟು ದಿನ ತಪ್ಪಬೇಕು? ತಾರೀಖು ಗೊತ್ತು ಮಾಡಿದ ಸೀಜರ್ ಈ ಲೆಕ್ಕದಲ್ಲಿ ಅನುಕೂಲ. ಅಮಾವಾಸ್ಯೆ ತಪ್ಪಿಸಿ ಒಳ್ಳೇ ಗಳಿಗೆ ನೋಡೋದಕ್ಕೂ ಆಗುತ್ತೆ.

5. ಎರಡು ಅರ್ಥದ 'ಆಪರೇಷನ್'

ನಮ್ಮ ಕಡೆ "ಆಪರೇಷನ್ ಆಗ್ಯಾದ" ಅಂದರೆ ಸೀಜರ್ ಅಂತ ಅರ್ಥ ಅಲ್ಲ, ಸಂತಾನಹರಣ ಚಿಕಿತ್ಸೆ ಅಂತ. ಭಾಷೆಯ ಈ ಚಿಕ್ಕ ಸಂಗತಿಯಲ್ಲಿ ದೊಡ್ಡ ಚರಿತ್ರೆ ಇದೆ. 2019–21ರ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ವಿವಾಹಿತ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನ, ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಚಿಕಿತ್ಸೆ ಮಾಡಿಸಿಕೊಂಡವರು. ಕುಟುಂಬ ಯೋಜನೆಯ ಭಾರ ದಶಕಗಳಿಂದ ಹೆಣ್ಣಿನ ಮೈಮೇಲೇ ಬಿದ್ದಿದೆ. ಹೀಗಿರುವಾಗ ಎರಡನೇ ಸೀಜರ್ ಜೊತೆಗೇ "ಆಪರೇಷನ್ನೂ ಮುಗಿಸಿಬಿಡೋದು" ಮನೆಯವರಿಗೆ ಸಹಜವಾಗಿ ಕಾಣುತ್ತೆ. ಒಂದೇ ಸಲ ಹೊಟ್ಟೆ ತೆರೆಯೋದು, ಒಂದೇ ಸಲ ಬಾಣಂತನ. ಎರಡು ಸಾಕು ಅಂತ ತಾನೇ ನಿಶ್ಚಯಿಸಿದ ತಾಯಿಗೂ ಇದು ವಿವೇಕದ ಆಯ್ಕೆ ಆಗಿರಬಹುದು.

ತೊಂದರೆ ಬರೋದು ಎರಡಕ್ಕೆ ನಿಲ್ಲದ ಮನೆಗಳಲ್ಲಿ. ಎರಡೂ ಹೆಣ್ಣಾದಾಗ ಮೂರನೇದಕ್ಕೆ ಒತ್ತಾಯ ಶುರುವಾಗುತ್ತೆ. ಸೀಜರ್‌ಗಳ ಸಂಖ್ಯೆ ಹೆಚ್ಚಿದಂತೆ ಮಾಸು ಹಳೇ ಗಾಯಕ್ಕೆ ಅಂಟಿ ಬೆಳೆಯುವ ಅಪಾಯ, ವಿಪರೀತ ರಕ್ತಸ್ರಾವದ ಅಪಾಯ ಏರುತ್ತವೆ. ಎರಡನೇ ಹೆರಿಗೆಯ ತೀರ್ಮಾನ ಮಾಡುವಾಗ ಮೂರನೇದರ ಮಾತು ಯಾರೂ ಆಡೋದಿಲ್ಲ.

6. ಅನುಭವದ ಭಾಷೆ, ಸಮ್ಮತಿಯ ಭಾಷೆ

ಕನ್ನಡದ ತಾಯಿ "ಬ್ಯಾನಿ ತಿಂದೆ" ಅಂತಾಳೆ. ದವಾಖಾನೆಯಲ್ಲಿ ಮರಾಠಿಯ "ಕಳಾ" ಬರುತ್ತೆ, ಹೊಲಿಗೆಗೆ "ಟಾಕೆ" ಬರುತ್ತೆ. ದಿನದ ಮರಾಠಿ ಇಲ್ಲಿ ಎಲ್ಲರಿಗೂ ಬರುತ್ತೆ ಅನ್ನೋದು ನಿಜ. ಆದರೆ ಸಂತೆಯ ಮರಾಠಿ ಬೇರೆ, ಸಮ್ಮತಿಪತ್ರದ ಮರಾಠಿ ಬೇರೆ. ಆ ಪತ್ರಕ್ಕೆ ಸಹಿ ಹಾಕೋದು ಬಹಳ ಸಲ ಗಂಡ ಅಥವಾ ಮಾವ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಸಮ್ಮತಿಯೇ ಸಮ್ಮತಿ ಅಂದಿತು. ಅಲ್ಲಿ ಪ್ರಜ್ಞೆ ತಪ್ಪಿಸಿದ್ದ ರೋಗಿಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. ಆ ಒಪ್ಪಿಗೆ ಸಾಲದು ಅಂತ ಕೋರ್ಟ್ ಹೇಳಿತು. ಮನೆಯವರ ಸಹಿಯನ್ನೇ ಒಪ್ಪಿಗೆ ಅಂದುಕೊಂಡ ಪ್ರದೇಶಕ್ಕೆ ಇದು ಗಂಭೀರ ಮಾತು.

ಬಾಣಂತನದ ಅನುಭವವೂ ಸೇರಿಸಬೇಕು. ಅಳವಿ ಪಾಯಸ, ಅಂಟಿನುಂಡಿ, ಬಿಸಿನೀರು, ಕೆಂಡದ ಕಾವು ಎಲ್ಲ ಸಹಜ ಹೆರಿಗೆಯ ಮೈಗೆ ರೂಪುಗೊಂಡ ಪದ್ಧತಿ. ಸೀಜರ್ ಬಾಣಂತಿಗೆ ನೀರು ಹಾಕಬೇಕೋ ಬೇಡವೋ ಅನ್ನುವಲ್ಲೇ ಮನೆಯಲ್ಲಿ ಜಗಳ. ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ವರ್ಷಗಟ್ಟಲೆ ನೋವು ಅನ್ನೋ ನಂಬಿಕೆ ಗಟ್ಟಿ, ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಆದರೆ ನೋವು ನಿಜ. ಅದರ ಮಾತಿಗೆ ಬೇರೆ ಜಾಗ ಇಲ್ಲದ್ದರಿಂದ ಅದು ಸೂಜಿಯ ಹೆಸರಿನಲ್ಲಿ ಹೊರಗೆ ಬರುತ್ತೆ. ಇನ್ನು ಒಬ್ಬಳು ಮುಂದಿನ ಸಲ ಸಹಜ ಹೆರಿಗೆ ಬೇಕು ಅಂದರೆ ಅದರಲ್ಲಿ ಬೇಗ ಎದ್ದು ಮನೆಗೆಲಸ ಹಿಡಿಯಬೇಕಾದ ಒತ್ತಡವೂ ಇರಬಹುದು. ಇನ್ನೊಬ್ಬಳು ಸೀಜರ್ ಬೇಕು ಅಂದರೆ ಮೊದಲ ಸಲ ಇಡೀ ದಿನ ಬ್ಯಾನಿ ತಿಂದು ಕೊನೆಗೆ ಕೊಯ್ಸಿಕೊಂಡ ನೆನಪೂ ಇರಬಹುದು. ಒಂದನ್ನು ಧೈರ್ಯ, ಇನ್ನೊಂದನ್ನು ಹೇಡಿತನ ಅನ್ನೋಕೆ ನಮಗೆ ಹಕ್ಕಿಲ್ಲ.

7. ಚರ್ಚೆ

ಒಬ್ಬ ಸಹಪಾಠಿ ಕೇಳಿದರು: "ಹಾಗಾದ್ರೆ ಹೆಂಗಸರಿಗೆ ಆಯ್ಕೆನೇ ಇಲ್ಲ ಅಂತೀರಾ?" ಇಲ್ಲ ಅಂತ ಅಲ್ಲ. ಆಯ್ಕೆ ನಾವು ಹುಡುಕುವ ಜಾಗದಲ್ಲಿ ಇಲ್ಲ. ಎರಡನೇ ಬಸಿರಿನ ಒಂಬತ್ತನೇ ತಿಂಗಳಲ್ಲಿ ಅದನ್ನು ಹುಡುಕಿದರೆ ಸಿಗೋದು ಕಡಿಮೆ. ಅದರ ದೊಡ್ಡ ಭಾಗ ಮೊದಲ ಸೀಜರ್‌ನ ದಿನವೇ, ಡಿಸ್ಚಾರ್ಜ್ ಚೀಟಿ ಬರೆಯುವಾಗಲೇ, ಅದು ಯಾರ ಮನೆಗೆ ಹೋಗುತ್ತೆ ಅನ್ನುವಲ್ಲೇ ತೀರ್ಮಾನ ಆಗಿರುತ್ತೆ.

ಅಧ್ಯಾಪಕರೊಬ್ಬರು ಆಕರಗಳ ಬಗ್ಗೆ ಕೇಳಿದರು. ಇದು ನಮ್ಮೆಲ್ಲರ ಕೆಲಸ ಅಂತ ನಾನು ಭಾವಿಸ್ತೀನಿ. ಗಡಿ ಚರಿತ್ರೆ ಅಂದರೆ ನಾವು ಆಯೋಗಗಳ ವರದಿ, ಶಾಲೆಗಳ ಮಾಧ್ಯಮ, ಊರಿನ ಫಲಕ ಇಷ್ಟನ್ನೇ ಓದ್ತೀವಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಕೂಡ ಗಡಿಯ ದಾಖಲೆಗಳೇ. ಅವನ್ನು ಓದುವಾಗ ತಾಯಂದಿರ ಒಪ್ಪಿಗೆ ಪಡೆಯಬೇಕು, ಹೆಸರು ಬಿಡಬೇಕು. ಜೊತೆಗೆ ಮನೆಯಲ್ಲಿ ಒಂದು ಮಾತು ಹೇಳಿ ಬಂದರೂ ಸಾಕು: ಚೀಟಿಯನ್ನು ತವರಿನಲ್ಲಿ ಬಿಡಬೇಡಿ, ಅದರಲ್ಲಿ ಏನು ಬರೆದಿದೆ ಅಂತ ಡಾಕ್ಟರನ್ನು ನಿಮ್ಮ ಭಾಷೆಯಲ್ಲಿ ಕೇಳಿ, ಚೀಟಿ ನಿಮ್ಮ ಹತ್ತಿರವೇ ಇರಲಿ.